ಎಡಗಡೆಯ ಅಂಕಿ

ನಾನು ಮಾಡುವ ಕೆಲಸ ಎಂಥದ್ದೆಂದು ಮನೆಯಲ್ಲಿ ತಿಳಿಸಿ ಹೇಳಲು ಬಹಳ ಕಾಲ ಹಿಡಿಯಿತು. ಬಾಂದ್ರಾದ ಒಂದು ಸಂಶೋಧನಾ ಕೇಂದ್ರದಲ್ಲಿ ನೌಕರಿ ಎಂದರೆ ಅಮ್ಮನ ಪಾಲಿಗೆ ಅದು ಆಸ್ಪತ್ರೆ. ಆಸ್ಪತ್ರೆ ಎಂದರೆ ರಕ್ತ, ಸೂಜಿ, ಸಾವು. ನನ್ನ ಕೈಗೆ ರಕ್ತ ತಾಗುವುದೇ ಇಲ್ಲ, ದಿನವಿಡೀ ಕಂಪ್ಯೂಟರಿನ ಮುಂದೆ ಕೂತಿರುತ್ತೇನೆ ಎಂದ ಮೇಲೆ ಅವಳಿಗೆ ಸಮಾಧಾನವಾಯಿತು. ಅಷ್ಟಕ್ಕೆ ಬಿಟ್ಟಳು. ಬಿಡದೆ ಕೇಳಿದವರು ಮಾವ.

ಮಾವ ಅಮ್ಮನ ಅಣ್ಣ. ಅಂಧೇರಿ ಸ್ಟೇಶನ್ನಿನ ಹತ್ತಿರ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲಾಯರ್. ನನ್ನ ಅಪ್ಪ ತೀರಿಕೊಂಡಾಗ ನಮ್ಮಿಬ್ಬರನ್ನೂ ಊರಿನಿಂದ ಕರೆತಂದು ವಡಾಲದ ತಮ್ಮ ಮನೆಯಲ್ಲಿ ಇರಿಸಿಕೊಂಡವರು. ಆಮೇಲೆ ಯಾರಾದರೂ ಅವರ ಮದುವೆಯ ಮಾತೆತ್ತಿದರೆ ತಮಾಷೆ ಮಾಡಿ ಕಳಿಸಿಬಿಡುತ್ತಿದ್ದರು. ಅವರೂ ಅಮ್ಮನೂ ತಮ್ಮೊಳಗೆ ತುಳು ಮಾತಾಡುತ್ತಿದ್ದರು. ನನ್ನ ಹತ್ತಿರ ಮಾತ್ರ ಕನ್ನಡ. ನನ್ನನ್ನು ಕನ್ನಡ ಶಾಲೆಗೆ ಹಾಕಿದ್ದು ಅವರೇ, ಅದು ಮನೆಯಲ್ಲಿ ಮರೆತುಹೋಗಬಾರದು ಎಂದು. ಹೋಟೆಲಿನಲ್ಲಿ ಹಿಂದಿ, ಮರಾಠಿ, ಗುಜರಾತಿ ಗಿರಾಕಿಗಳ ಜೊತೆ ಅವರವರ ಮಾತು. ನಾಲ್ಕಾರು ಮೇಜುಗಳ ಆರ್ಡರನ್ನು ಎಲ್ಲಿಯೂ ಬರೆದುಕೊಳ್ಳದೆ ಕೇಳಿಸಿಕೊಂಡು, ಅಡುಗೆಮನೆಯ ಕಿಂಡಿಯ ಮುಂದೆ ನಿಂತು ಒಂದೇ ಉಸಿರಿಗೆ ಕೂಗಿ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಅದನ್ನು ಕೇಳಲೆಂದೇ ನಾನು ರಜೆಯ ದಿನ ಅವರೊಟ್ಟಿಗೆ ಹೋಗುತ್ತಿದ್ದೆ.

ಒಂದು ಭಾನುವಾರ ಚಹಾ ಕುಡಿಯುತ್ತ ಅವರಿಗೆ ನನ್ನ ಕೆಲಸ ವಿವರಿಸಿದೆ. ಮಿದುಳಿನ ಸ್ಕ್ಯಾನ್ ಎಂದರೆ ಒಂದು ಫೋಟೋ ಅಲ್ಲ. ಸಕ್ಕರೆ ಹರಳಿಗಿಂತ ತುಸು ದೊಡ್ಡ ಚೌಕಗಳನ್ನು ಒತ್ತೊತ್ತಾಗಿ ಪೇರಿಸಿಟ್ಟ ಒಂದು ರಾಶಿ ಎಂದುಕೊಳ್ಳಿ; ಪ್ರತಿಯೊಂದು ಚೌಕದೊಳಗೂ ಒಂದು ಅಂಕಿ. ನಾನು ಚಿತ್ರ ನೋಡುವುದು ಕಡಿಮೆ. ಕಪ್ಪು ಪರದೆಯ ಮೇಲೆ ಒಂದು ಕಮಾಂಡ್ ಟೈಪ್ ಮಾಡುತ್ತೇನೆ, ಅದರ ಮುಂದೆ ಸ್ಕ್ಯಾನಿನ ಫೈಲಿನ ಹೆಸರು, ಅದರ ಮುಂದೆ ಮಾಸ್ಕ್ ಎಂಬ ಇನ್ನೊಂದು ಫೈಲಿನ ಹೆಸರು. ಮಾಸ್ಕ್ ಅಂದರೆ ರಂಗೋಲಿಯ ತಗಡಿನ ಅಚ್ಚಿನ ಹಾಗೆ. ತೂತು ಇದ್ದಲ್ಲಿ ಮಾತ್ರ ಪುಡಿ ಇಳಿಯುತ್ತದೆ. ಆ ತೂತಿನೊಳಗೆ ಬರುವ ಚೌಕಗಳ ಅಂಕಿಗಳನ್ನಷ್ಟೇ ತೆಗೆದು ಸರಾಸರಿ ಮಾಡಿ ಕೊಡು ಎಂದು ಕೇಳುತ್ತೇನೆ. ಎಂಟರ್ ಒತ್ತಿದರೆ ಕೆಳಗಿನ ಸಾಲಿನಲ್ಲಿ ಒಂದು ಅಂಕಿ ಬಂದು ನಿಲ್ಲುತ್ತದೆ. ಮಿದುಳಿನ ಆ ಜಾಗದಲ್ಲಿ ಜೀವಕೋಶಗಳ ಪದರ ಎಷ್ಟು ದಟ್ಟವಾಗಿದೆ ಎಂದು ಅದು ಹೇಳುತ್ತದೆ. ಹೀಗೆ ನೂರಾರು ಜನರದ್ದು.

ಮಾವ ಲೋಟ ಕೆಳಗಿಟ್ಟು ಯೋಚಿಸಿದರು.

“ಮನುಷ್ಯ ಎಂತ ಆಲೋಚನೆ ಮಾಡ್ತಾನೆ ಅಂತ ಅದರಲ್ಲಿ ಗೊತ್ತಾಗ್ತದಾ?”

“ಇಲ್ಲ ಮಾವ. ಅಂಕಿ ಮಾತ್ರ.”

“ಹಾಗಾದ್ರೆ ಅಡ್ಡಿಯಿಲ್ಲ. ಬರ್ಲಿಕ್ಕೆ ಜನ ಹೆದರ್ತಾರೆ ಅಂದಿಯಲ್ಲ, ನಾನು ಬರ್ತೇನೆ.”

ನಮ್ಮ ಅಧ್ಯಯನ ವಯಸ್ಸಾದಂತೆ ಮಾತು ಮತ್ತು ನೆನಪಿನಲ್ಲಿ ಆಗುವ ವ್ಯತ್ಯಾಸದ ಕುರಿತಾಗಿತ್ತು. ರೋಗಿಗಳು ಸಿಗುತ್ತಿದ್ದರು. ಅವರ ಜೊತೆ ಹೋಲಿಸಿ ನೋಡಲು ಬೇಕಾದ ಆರೋಗ್ಯವಂತ ಹಿರಿಯರು ಸಿಗುತ್ತಿರಲಿಲ್ಲ. ಯಾರೂ ಸುಮ್ಮನೆ ಬಂದು ಆ ಕೊಳವೆಯೊಳಗೆ ಮಲಗಲು ಒಪ್ಪುವುದಿಲ್ಲ. ಮಾವ ತಾವೂ ಬಂದರು, ಹೋಟೆಲಿನ ಇಬ್ಬರು ಹಳೆಯ ಜೊತೆಗಾರರನ್ನೂ ಒಲಿಸಿ ಕರೆತಂದರು. ಸ್ಕ್ಯಾನ್ ಮುಗಿಸಿ ಹೊರಬಂದಾಗ, ಒಳಗೆ ಹಿಟ್ಟು ರುಬ್ಬುವ ಮೆಶಿನಿಗಿಂತ ಜೋರು ಸದ್ದು, ಆದರೆ ತನಗೆ ಅದರಲ್ಲೇ ನಿದ್ದೆ ಬಂತು ಎಂದು ನಕ್ಕರು. ವರ್ಷಕ್ಕೊಂದು ಸಲ ಬರಬೇಕಿತ್ತು. ತಪ್ಪಿಸದೆ ಬಂದರು.

ಫೈಲುಗಳಲ್ಲಿ ಹೆಸರು ಇರುವುದಿಲ್ಲ, ಕೋಡ್ ಮಾತ್ರ. ಆದರೆ ಮೊದಲ ದಿನ ಅವರ ಜೊತೆಯಲ್ಲಿದ್ದವಳು ನಾನೇ ಆದ್ದರಿಂದ ಆ ಕೋಡ್ ನನಗೆ ಗೊತ್ತಿತ್ತು. ಮರೆಯಲು ಸಾಧ್ಯವಿರಲಿಲ್ಲ.

ಮೂರನೆಯ ಸುತ್ತಿನ ಸ್ಕ್ಯಾನುಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಎಲ್ಲ ಫೈಲುಗಳ ಮೇಲೂ ಒಟ್ಟಿಗೆ ಕಮಾಂಡ್ ಓಡಿಸಿದೆ. ಅಂಕಿಗಳು ಒಂದರ ಕೆಳಗೊಂದು ಇಳಿದು ಬಂದವು. ಆರೋಗ್ಯವಂತರ ಗುಂಪಿನ ಅಂಕಿಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಕಣ್ಣು ಅವುಗಳ ಮೇಲೆ ಜಾರಿ ಹೋಗುತ್ತದೆ. ಆ ದಿನ ಒಂದು ಕಡೆ ಜಾರಲಿಲ್ಲ. ಎಡಗಿವಿಯ ಒಳಭಾಗಕ್ಕೆ, ಮುಂದಕ್ಕೆ ಚಾಚಿಕೊಂಡಿರುವ ಮಿದುಳಿನ ತುದಿಯ ಅಂಕಿ ಉಳಿದವರಿಗಿಂತ ಎಷ್ಟೋ ಕೆಳಗಿತ್ತು. ಬಲಗಡೆಯದು ಸರಿಯಾಗಿತ್ತು. ಸಾಲಿನ ಆರಂಭದಲ್ಲಿದ್ದ ಕೋಡ್ ನೋಡಿದೆ. ಮಾವನದು.

ಏನೋ ತಪ್ಪಾಗಿದೆ ಎಂದೇ ಮೊದಲು ಅಂದುಕೊಂಡದ್ದು. ತಪ್ಪಾಗಲು ನೂರು ದಾರಿ ಇವೆ. ಮಾಸ್ಕ್ ಒಂದಿಷ್ಟು ಸರಿದು ಕೂತರೂ ಸಾಕು, ಮಿದುಳಿನ ಬದಲು ಅದರ ಹೊರಗಿನ ನೀರಿನ ಅಂಕಿಯೂ ಸೇರಿಬಿಡುತ್ತದೆ. ಚಿತ್ರ ತೆರೆದು ಮಾಸ್ಕನ್ನು ಮೇಲೆ ಹಾಸಿ ನೋಡಿದೆ. ಸರಿಯಾಗಿ ಕೂತಿತ್ತು. ಸ್ಕ್ಯಾನ್ ಆಗುವಾಗ ತಲೆ ಅಲುಗಾಡಿದರೆ ಅಂಕಿ ಕೆಡುತ್ತದೆ. ಅಲುಗಾಡಿರಲಿಲ್ಲ. ಮೆಶಿನಿನಲ್ಲೇ ದೋಷವಿತ್ತೇ ಎಂದು ಅದೇ ವಾರ ಬಂದ ಬೇರೆಯವರದ್ದನ್ನು ತೆಗೆದೆ. ಅವರದ್ದೆಲ್ಲ ಚೆನ್ನಾಗಿತ್ತು. ಒಂದೊಂದು ಸಲ ಫೈಲಿನಲ್ಲಿ ಎಡ ಬಲ ಅದಲುಬದಲಾಗುವುದುಂಟು. ಅದೇ ಇರಬೇಕು ಎಂದು ಆಸೆಯಿಂದ ಫೈಲಿನ ತಲೆಬರಹದ ಮಾಹಿತಿಯನ್ನೆಲ್ಲ ಪರದೆಗೆ ಎಳೆದು ಓದುತ್ತ ಕೂತೆ. ಅರ್ಧ ಓದಿದ ಮೇಲೆ ಹೊಳೆಯಿತು: ಎಡ ಬಲ ತಿರುಗಿದ್ದರೆ ತಾನೇ ಏನು? ಯಾವ ಕಡೆಯದ್ದಾದರೂ ಹೋದದ್ದು ಹೋದದ್ದೇ.

ಹಿಂದಿನ ವರ್ಷದ ಫೈಲನ್ನು ತೆಗೆದೆ. ಅದರಲ್ಲಿಯೂ ಸ್ವಲ್ಪ ಇಳಿದಿತ್ತು. ಗುಂಪಿನೊಳಗೆ ಸೇರಿಹೋಗುವಷ್ಟು ಕಡಿಮೆ ಇಳಿತವಾದ್ದರಿಂದ ಅಂದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಮ್ಮ ಅಧ್ಯಯನದ ಮುಖ್ಯಸ್ಥೆ ಮಿದುಳಿನ ಡಾಕ್ಟರು, ಮರಾಠಿಯವರು, ಹೆಚ್ಚು ಮಾತಾಡುವವರಲ್ಲ. ಅವರ ಕೋಣೆಗೆ ಹೋಗಿ ಇದು ನನ್ನ ಮಾವನ ಫೈಲು ಎಂದೂ ಹೇಳಿ ತೋರಿಸಿದೆ. ಅವರು ಅಂಕಿಯನ್ನು ನೋಡಿದರು, ಆಮೇಲೆ ಚಿತ್ರವನ್ನು ತೆರೆಸಿ ಒಂದೊಂದೇ ಪದರ ಸರಿಸುತ್ತ ಹೋದರು. ಎಡತುದಿಯಲ್ಲಿ ಬೂದುಬಣ್ಣ ಇರಬೇಕಾದಲ್ಲಿ ಕಪ್ಪು. ನಿಮ್ಮ ಮಾವ ಮಾತಾಡುವುದು ಹೇಗಿದೆ ಎಂದು ಕೇಳಿದರು. ಚೆನ್ನಾಗಿಯೇ ಮಾತಾಡುತ್ತಾರೆ, ಈಗೀಗ ಮೊದಲಿಗಿಂತ ಹೆಚ್ಚು ಎಂದೆ. ಮಾತಿನಲ್ಲಿ ವಸ್ತುಗಳ ಹೆಸರು ಬರುತ್ತದೆಯೇ ಎಂದು ಕೇಳಿದರು. ಗಮನಿಸಿ ಹೇಳುತ್ತೇನೆ ಎಂದೆ.

ಆ ಸಂಜೆ ಮನೆಯಲ್ಲಿ ಕಿವಿಗೊಟ್ಟು ಕೇಳಿದೆ. “ಆ ಅದು ಕೊಡು” ಎಂದರು ಮಾವ. ಅಮ್ಮ ಅವರ ಒದ್ದೆ ಕೈ ನೋಡಿ ಟವಲು ಕೊಟ್ಟಳು. “ಅದನ್ನು ಸ್ವಲ್ಪ ಸಣ್ಣ ಮಾಡು” ಎಂದರು. ಅಮ್ಮ ಫ್ಯಾನಿನ ಗುಂಡಿ ತಿರುಗಿಸಿದಳು. ಎಷ್ಟು ಸಲೀಸಾಗಿ ನಡೆಯುತ್ತಿತ್ತೆಂದರೆ, ಈ ಮನೆಯಲ್ಲಿ ಟವಲು, ಫ್ಯಾನು, ಚೂರಿ, ಬಕೆಟ್ಟು ಎಂಬ ಶಬ್ದಗಳು ಮಾವನ ಬಾಯಿಂದ ಯಾವಾಗ ಹೋದವೋ ನಮಗೆ ತಿಳಿದೇ ಇರಲಿಲ್ಲ. ಅಮ್ಮನನ್ನು ಬದಿಗೆ ಕರೆದು ಕೇಳಿದೆ. ವಯಸ್ಸಾಯಿತಲ್ಲ, ನಾಲಗೆಗೆ ಉದಾಸೀನ ಎಂದಳು. ಹೋಟೆಲಿನಲ್ಲಿಯೂ ಕಿಂಡಿಯ ಮುಂದೆ ನಿಂತು ‘ಬಿಳಿದು ಎರಡು, ಉದ್ದದ್ದು ಒಂದು’ ಎನ್ನುತ್ತಾರಂತೆ, ಅಡುಗೆಯ ಭಟ್ಟರು ತಮಾಷೆ ಎಂದು ನಗುತ್ತಾರಂತೆ.

ಮುಖ್ಯಸ್ಥೆ ಮಾವನನ್ನು ಕರೆಸಿ ಪರೀಕ್ಷೆ ಮಾಡಿದರು. ಚಿತ್ರಗಳನ್ನು ತೋರಿಸಿ ಹೆಸರು ಹೇಳಿಸುವ ಪರೀಕ್ಷೆ. ಕನ್ನಡ, ತುಳು ತಿಳಿದವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ನಾನೇ ಎದುರು ಕೂತು ಚಿತ್ರ ಹಿಡಿಯಬೇಕಾಯಿತು, ಬೇಡ ಎನ್ನುವ ಹಾಗಿರಲಿಲ್ಲ. ಯಾವ ಭಾಷೆಯಲ್ಲಿ ಹೇಳಿದರೂ ಆದೀತು ಎಂದು ಮಾವನಿಗೆ ತಿಳಿಸಿದೆ. ಅವರಿಗೆ ಅದೊಂದು ಆಟದ ಹಾಗೆ ಕಂಡಿತು. ಕಾಲರ್ ಸರಿಮಾಡಿಕೊಂಡು ಕೂತರು.

ನಾಯಿ ಎಂದರು. ಮೀನು ಎಂದರು. ಬಾಚಣಿಗೆಗೆ, ತಲೆಗೆ ಮಾಡುವುದು ಎಂದು ಕೈಯಿಂದ ಕೂದಲು ಬಾಚಿ ತೋರಿಸಿದರು. ಒಂಟೆಗೆ ನಾಯಿ ಎಂದರು. ಕುದುರೆಗೂ ನಾಯಿ. ಕೀಲಿಕೈಯನ್ನು ಬಹಳ ಹೊತ್ತು ನೋಡಿದರು.

“ಇದು ನಮ್ಮಲ್ಲಿ ಉಂಟಾ?”

“ಉಂಟು ಮಾವ.”

“ನಾನು ನೋಡಿದ್ದೇನಾ?”

ಅದು ಅವರ ಪ್ಯಾಂಟಿನ ಕಿಸೆಯಲ್ಲೇ ಇತ್ತು. ದಿನಾ ಬೆಳಿಗ್ಗೆ ಬಾಗಿಲು ಹಾಕಿ ಕಿಸೆಗೆ ಹಾಕಿಕೊಳ್ಳುವವರು ಅವರೇ. ನಾನು ಹೇಳಲಿಲ್ಲ, ಪರೀಕ್ಷೆಯಲ್ಲಿ ಹೇಳುವಂತಿಲ್ಲ. ಮುಂದಿನ ಚಿತ್ರ ತೆಗೆದೆ. ನಿಂಬೆಹಣ್ಣು. ಅವರು ಚಿತ್ರ ಬಿಟ್ಟು ನನ್ನ ಮುಖ ನೋಡತೊಡಗಿದರು. ಅಲ್ಲಿಂದ ಮುಂದೆ ಪ್ರತಿ ಚಿತ್ರಕ್ಕೂ ನನ್ನ ಮುಖವನ್ನೇ ನೋಡಿದರು, ಉತ್ತರ ಅಲ್ಲಿ ಎಲ್ಲಿಯಾದರೂ ಬರೆದಿರಬಹುದು ಎನ್ನುವಂತೆ.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಹಿಂದಿಯಲ್ಲಿ ನಿಧಾನವಾಗಿ ಹೇಳಿದರು, ಮಾವನಿಗೆ ಅರ್ಥವಾಗದಿದ್ದುದನ್ನು ನಾನು ಕನ್ನಡಕ್ಕೆ ತಂದೆ. ಇದು ಮರೆವಿನ ಕಾಯಿಲೆಯಲ್ಲ. ದಾರಿ ಮರೆಯುವುದಿಲ್ಲ, ದಿನ ವಾರ ಮರೆಯುವುದಿಲ್ಲ. ಹೋಗುವುದು ಶಬ್ದಗಳು, ಮೊದಲು ಶಬ್ದ, ಆಮೇಲೆ ಆ ಶಬ್ದ ಯಾವುದರದ್ದೋ ಆ ವಸ್ತುವಿನ ತಿಳಿವಳಿಕೆ. ಮಾವ ತಲೆಯಾಡಿಸುತ್ತ ಕೇಳಿದರು. ಎಷ್ಟು ತಲೆಗೆ ಹೋಯಿತೋ ತಿಳಿಯಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿ, “ಮದ್ದು ಉಂಟಾ ಅಂತ ಕೇಳು ಮಗಾ” ಎಂದರು.

ನಾನು ಕೇಳಬೇಕಾದ್ದೇ ಇರಲಿಲ್ಲ. ಆದರೂ ಕೇಳಿದೆ. ಡಾಕ್ಟರು ಇಲ್ಲ ಎಂದರು. ಅದನ್ನು ಅನುವಾದ ಮಾಡುವ ಅಗತ್ಯ ಬೀಳಲಿಲ್ಲ.

ಬಾಂದ್ರಾ ಸ್ಟೇಶನ್ನಿನಲ್ಲಿ ವಡಾಲದ ಕಡೆಗೆ ಹೋಗುವ ಹಾರ್ಬರ್ ಲೈನಿನ ಗಾಡಿಗೆ ಕಾಯುತ್ತ ನಿಂತಿದ್ದೆವು. ಸಾಧಾರಣವಾಗಿ ನಾನು ಲೇಡೀಸ್ ಡಬ್ಬಿಗೆ ಹೋಗುತ್ತೇನೆ. ಅವತ್ತು ಅವರೊಟ್ಟಿಗೇ ಹತ್ತಿದೆ. ನೂಕುನುಗ್ಗಲಿನಲ್ಲಿ ಅವರು ಕೈ ಅಡ್ಡ ಹಿಡಿದು ನನಗೆ ನಿಲ್ಲಲು ಜಾಗ ಮಾಡಿಕೊಟ್ಟರು. ಮಾಹಿಮ್ ದಾಟಿದ ಮೇಲೆ, ಹೋಟೆಲಿನಲ್ಲಿ ಯಾರಿಗೂ ಹೇಳಬೇಡ ಎಂದರು. ಸರಿ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೂ ತಗ್ಗಿದ ದನಿಯಲ್ಲಿ, ಅಮ್ಮನಿಗೆ ಮೆಲ್ಲ ಹೇಳು ಎಂದರು. ಅಷ್ಟೇ. ಅಳಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಬೇಸರ ಎಂಬ ಶಬ್ದ ಅವರೊಳಗೆ ಇನ್ನೂ ಉಳಿದಿತ್ತೋ ಇಲ್ಲವೋ ನಾನು ಹೇಗೆ ಹೇಳಲಿ.

ಹೋಟೆಲಿನಲ್ಲಿ ಹೇಳದೆ ಇದ್ದರೂ ಗೊತ್ತಾಯಿತು. ಗಿರಾಕಿ ಇಡ್ಲಿ ಕೇಳಿದರೆ, ಇಡ್ಲಿ ಅಂದರೆ ಎಂತ ಎಂದು ಮಾವ ತಿರುಗಿ ಕೇಳಿದರಂತೆ. ಗಿರಾಕಿಗೆ ಸಿಟ್ಟು ಬಂತು. ಹೋಟೆಲಿನ ಧಣಿ ಒಳ್ಳೆಯವರು, ಮಾವನನ್ನು ಬಹಳ ವರ್ಷಗಳಿಂದ ನೋಡಿದವರು. ಮೊದಲು ನೀರು ಕೊಡುವ ಕೆಲಸಕ್ಕೆ ಹಾಕಿದರು. ಆಮೇಲೆ ಒಳಗೆ ಕೂತು ಚಮಚ ಒರೆಸುವ ಕೆಲಸ. ಒಂದು ದಿನ ನನಗೆ ಫೋನ್ ಮಾಡಿ, ನಾಳೆಯಿಂದ ಕಳಿಸಬೇಡಿ, ಬಿಸಿ ಎಣ್ಣೆಯ ಹತ್ತಿರ ಹೋಗಿ ನಿಲ್ಲುತ್ತಾರೆ, ಹೆಚ್ಚುಕಡಿಮೆಯಾದರೆ ನಾನು ನಿಮ್ಮ ಅಮ್ಮನಿಗೆ ಮುಖ ತೋರಿಸುವುದು ಹೇಗೆ ಎಂದರು. ಅವರ ಮೇಲೆ ಸಿಟ್ಟು ಮಾಡಲಾಗಲಿಲ್ಲ. ಸಿಟ್ಟು ಮಾಡಲು ಯಾರಾದರೂ ಸಿಕ್ಕಿದ್ದರೆ ಒಳ್ಳೆಯದಿತ್ತು.

ಅದೇ ಸಮಯಕ್ಕೆ ಕೇಂದ್ರದಲ್ಲಿ ನಮ್ಮ ಪ್ರಬಂಧ ಬರೆಯುವ ಹೊತ್ತಾಯಿತು. ಮುಖ್ಯಸ್ಥೆ ನನ್ನನ್ನು ಕರೆದರು. ಬಹಳ ಸಂಕೋಚದಿಂದಲೇ ಹೇಳಿದರು: ನಿಮ್ಮ ಮಾವನ ಅಂಕಿ ಆರೋಗ್ಯವಂತರ ಗುಂಪಿನಲ್ಲಿ ಇರಲು ಸಾಧ್ಯವಿಲ್ಲ, ಅವರನ್ನು ಸೇರಿಸಿಕೊಂಡದ್ದು ಆರೋಗ್ಯವಂತರೆಂದು, ಆದ್ದರಿಂದ ರೋಗಿಗಳ ಗುಂಪಿಗೂ ಹಾಕಲು ಬರುವುದಿಲ್ಲ; ತೆಗೆದುಬಿಡಬೇಕು, ಬೇಕಿದ್ದರೆ ಈ ಕೆಲಸವನ್ನು ಬೇರೆಯವರಿಂದ ಮಾಡಿಸುತ್ತೇನೆ. ನಾನೇ ಮಾಡುತ್ತೇನೆ ಎಂದೆ. ಯಾಕೆ ಹಾಗೆಂದೆನೋ ತಿಳಿಯದು. ಅವರ ಕೋಡನ್ನು ಬಿಟ್ಟು ಉಳಿದದ್ದನ್ನೆಲ್ಲ ತೆಗೆದುಕೋ ಎಂಬ ಒಂದು ಚಿಕ್ಕ ಸಾಲನ್ನು ಕಮಾಂಡಿಗೆ ಸೇರಿಸಿ ಮತ್ತೆ ಓಡಿಸಿದೆ. ಗುಂಪಿನ ಸರಾಸರಿ ಒಂದಿಷ್ಟು ಮೇಲೆ ಬಂತು. ಅಂಕಿಗಳ ನಡುವಿನ ಏರುಪೇರು ಕಡಿಮೆಯಾಯಿತು. ಫಲಿತಾಂಶ ಮೊದಲಿಗಿಂತ ಚೊಕ್ಕಟವಾಯಿತು. ಎಲ್ಲರಿಗೂ ಖುಷಿಯಾಯಿತು, ಚಹಾ ತರಿಸಿದರು, ನಾನೂ ಕುಡಿದೆ.

ಡಾಕ್ಟರು ಹೇಳಿದ ಕ್ರಮದಲ್ಲೇ ಎಲ್ಲವೂ ನಡೆದುಕೊಂಡು ಬಂತು. ಗುಜರಾತಿ ಯಾವಾಗ ಹೋಯಿತೋ ನಮಗೆ ಗೊತ್ತಿಲ್ಲ, ಅದು ಮನೆಗೆ ಬರುತ್ತಿದ್ದ ಮಾತಲ್ಲ. ಮರಾಠಿ ಹೋದದ್ದು, ಕೆಳಗಿನ ಮನೆಯವರು ಮಾತಾಡಿಸಿದಾಗ ಮಾವ ನಕ್ಕು ಸುಮ್ಮನಾಗತೊಡಗಿದಾಗ ತಿಳಿಯಿತು. ಹಿಂದಿಯೂ ಹೋಯಿತು. ಕನ್ನಡ ಸ್ವಲ್ಪ ಕಾಲ ಇತ್ತು. ನಾನು ಒಂದೊಂದು ವಸ್ತುವನ್ನೂ ಕೈಗೆ ಕೊಟ್ಟು ಹೆಸರು ಹೇಳಿಸುತ್ತಿದ್ದೆ. ಹೇಳಿಸಿದ ಹೊತ್ತಿಗೆ ಹೇಳುತ್ತಿದ್ದರು, ಮರುದಿನ ಇರುತ್ತಿರಲಿಲ್ಲ. ಕೊಡೆಯನ್ನು ನಾನು ಎಷ್ಟು ಸಲ ಬಿಚ್ಚಿ ತೋರಿಸಿದೆನೋ. ಆ ಮಳೆಗಾಲದಲ್ಲಿ ಒಂದು ದಿನ ಅವರು ಮುಚ್ಚಿದ ಕೊಡೆಯನ್ನು ಕಂಕುಳಲ್ಲಿ ಇರಿಸಿಕೊಂಡು ಪೂರ್ತಿ ನೆನೆದು ಮನೆಗೆ ಬಂದರು. ಆಮೇಲೆ ಹೇಳಿಸುವುದನ್ನು ಬಿಟ್ಟೆ.

ಎಲ್ಲಿಂದ ನೆನೆದು ಬಂದರು ಎಂದರೆ, ಅಂಧೇರಿಯಿಂದ. ಕೆಲಸ ಬಿಟ್ಟ ಮೇಲೂ ಅವರು ಹೋಗುವುದನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ ಅದೇ ಲೋಕಲ್ ಹಿಡಿದು, ಸರಿಯಾಗಿ ಅಂಧೇರಿಯಲ್ಲೇ ಇಳಿದು, ಹೋಟೆಲಿನ ಎದುರಿನ ಫುಟ್‌ಪಾತಿನಲ್ಲಿ ನಿಂತು, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ವಾಪಸು ಬರುತ್ತಿದ್ದರು. ಒಮ್ಮೆ ರಜೆ ಹಾಕಿ ಅವರಿಗೆ ತಿಳಿಯದಂತೆ ಹಿಂದೆ ಹೋಗಿದ್ದೆ. ಎಲ್ಲಿಯೂ ದಾರಿ ತಪ್ಪಲಿಲ್ಲ. ಮೇಲ್ಸೇತುವೆಯಲ್ಲಿ ಯಾವ ಬದಿಗೆ ನಡೆದರೆ ಜನ ಕಡಿಮೆ ಎಂಬುದು ಕೂಡ ಅವರಿಗೆ ನೆನಪಿತ್ತು. ಹೋಟೆಲಿನ ಬಾಗಿಲಲ್ಲಿ ಹೋಗುವವರನ್ನೂ ಬರುವವರನ್ನೂ ನೋಡುತ್ತ ನಿಂತರು. ಪರಿಚಯದ ಸಪ್ಲಾಯರ್ ಒಬ್ಬ ಹೊರಗೆ ಬಂದು ಏನೋ ಕೇಳಿದ. ಇವರು ಅವನ ಭುಜ ತಟ್ಟಿದರು.

ಈಗ ಅದೂ ನಿಂತಿದೆ. ಉಳಿದಿರುವುದು ತುಳುವಿನ ನಾಲ್ಕಾರು ಶಬ್ದಗಳು, ಬಾ, ಹೋಗು, ಬೇಡ, ಸಾಕು. ಕಳೆದ ಗಣೇಶ ಚೌತಿಯ ಹೊತ್ತಿಗೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಅವರು ಒಳಗಿದ್ದ ಅಮ್ಮನಿಗೆ ಕೂಗಿ ಹೇಳಿದರು, “ಅವು ಬತ್ತ್ಂಡ್.” ಅದು ಬಂತು ಎಂದರ್ಥ. ಊರಲ್ಲಿ ಸಣ್ಣ ಹುಡುಗಿಯರನ್ನು ಪ್ರೀತಿಯಿಂದ ಹಾಗೆ ಹೇಳುವುದುಂಟು ಎಂದಳು ಅಮ್ಮ, ನಾನು ಕೇಳದೆಯೇ. ಹೌದು, ಉಂಟು. ಆದರೆ ಹಾಲಿನ ಪ್ಯಾಕೆಟಿಗೂ ಕರೆಂಟಿಗೂ ಅವರು ಅದನ್ನೇ ಹೇಳುತ್ತಾರೆ.

ಹೊಸ ಅಧ್ಯಯನವೊಂದಕ್ಕೆ ಅವರನ್ನು ರೋಗಿಯಾಗಿ ಸೇರಿಸಿಕೊಳ್ಳಬಹುದು ಎಂದು ಮುಖ್ಯಸ್ಥೆ ಸೂಚಿಸಿದ್ದರು. ಒಪ್ಪಿಗೆ ಕೇಳಲು ಮಾವನ ಎದುರು ಕೂತೆ. ಮೆಶಿನ್ ಎಂದೆ, ಸದ್ದು ಎಂದೆ, ಮಲಗುವ ಹಾಗೆ ತೋರಿಸಿದೆ. ಅವರು ನನ್ನ ತಲೆ ಸವರಿದರು. ಅದು ಒಪ್ಪಿಗೆಯಲ್ಲ. ಅವರ ಪರವಾಗಿ ನಾವೇ ಒಪ್ಪಿಗೆ ಕೊಡಬಹುದಿತ್ತು, ಅಮ್ಮ ಬೇಡ ಎಂದಳು. ಹಾಗಾಗಿ ಮೂರನೆಯ ವರ್ಷದ ಮೇಲೆ ಅವರ ಫೈಲು ಇಲ್ಲ.

ನನ್ನದೊಂದು ಇದೆ. ಹೊಸ ಮೆಶಿನ್ ಬಂದಾಗ ಸಿಬ್ಬಂದಿಯನ್ನೇ ಮಲಗಿಸಿ ಪರೀಕ್ಷಿಸುತ್ತಾರೆ; ಆ ಫೈಲುಗಳು ನಾನು ದಿನಾ ತೆರೆಯುವ ಜಾಗದಲ್ಲೇ ಕೂತಿವೆ. ಈ ಕಾಯಿಲೆ ಕೆಲವು ಮನೆತನಗಳಲ್ಲಿ ಇಳಿದು ಬರುತ್ತದೆ, ಹೆಚ್ಚಿನವರಲ್ಲಿ ಬರುವುದಿಲ್ಲ ಎಂದು ಓದಿದ್ದೇನೆ. ಕಮಾಂಡ್ ಟೈಪ್ ಮಾಡಲು ಅರೆ ನಿಮಿಷ ಬೇಡ. ಮಾಡಿಲ್ಲ.

ಮೊನ್ನೆ ಬೆಳಿಗ್ಗೆ ಅಮ್ಮ ನನಗೆ ಡಬ್ಬಿ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ, “ನನ್ನನ್ನೂ ಒಮ್ಮೆ ಆ ಮೆಶಿನಿಗೆ ಹಾಕಿ ನೋಡುವೆಯಾ?” ಎಂದಳು. ಯಾಕೆ ಎಂದೆ. ಎರಡು ದಿನದಿಂದ ಮೆಂತೆಗೆ ಎಂತ ಹೇಳುವುದೆಂದು ಬಾಯಿಗೆ ಬರುತ್ತಿರಲಿಲ್ಲ, ಈಗ ಬಂತು ಎಂದಳು. ಎಲ್ಲರಿಗೂ ಹಾಗೆ ಆಗುತ್ತದೆ ಎಂದೆ. ನಿಜವಾಗಿಯೂ ಎಲ್ಲರಿಗೂ ಆಗುತ್ತದೆ.

“ನೋಡಿದ್ರೆ ಎಂತ ಮಾಡ್ಲಿಕ್ಕುಂಟು, ಅಮ್ಮ?”

ಅವಳು ನನ್ನ ಮುಖ ನೋಡಿದಳು. ಮಾಡಲು ಏನಾದರೂ ಇದೆ ಎಂದು ನಾನೇ ಹೇಳಲಿ ಎಂದು ಕಾದಳೋ ಏನೋ. ಒಳಗಿನಿಂದ ಮಾವ ಸಾಕು, ಸಾಕು ಎನ್ನುತ್ತಿದ್ದರು, ಯಾವುದು ಸಾಕೆಂದು ತಿಳಿಯಲಿಲ್ಲ. ಅಮ್ಮ ಡಬ್ಬಿಯ ಮುಚ್ಚಳ ಒತ್ತಿ ನನ್ನ ಕೈಗೆ ಕೊಟ್ಟು, ಅವರಿಗೆ ಸ್ನಾನಕ್ಕೆ ನೀರು ಬಿಡಲು ಹೋದಳು.